ಹಿಮಾದ್ರಿಯ ಸಿದ್ಧಯೋಗಿ ಮಿಲರೇಪ

ಶರನ್ನವರಾತ್ರಿಯ ಒಂಬತ್ತು ದಿನಗಳೂ ಶಕ್ತಿಯ ಆರಾಧನೆಗೆ ಮೀಸಲಾದವು. ಆದರೆ ಬಲವೆಂಬುದು ದೇವತೆಗಳಿಗೆ ಮಾತ್ರ ಒಲಿಯುವುದಿಲ್ಲವೆಂದು ಈ ಹಬ್ಬದ ಕಥೆಯೇ ಸಾರುತ್ತದೆ. ಮಹಿಷಾಸುರನೂ ಘೋರ ತಪಸ್ಸನ್ನು ಮಾಡಿಯೇ ಬಲವನ್ನು ಪಡೆದವನು. ಪಡೆದ ಬಲವನ್ನು ಯಾರ ಮೇಲೆ ಪ್ರಯೋಗಿಸಿದನೆಂಬಲ್ಲಿ ಅಸುರನಿಗೂ ಸಿದ್ಧನಿಗೂ ದಾರಿ ಬೇರೆಯಾಗುತ್ತದೆ. ಒಂದೇ ಜನ್ಮದಲ್ಲಿ ಈ ಎರಡು ದಾರಿಗಳನ್ನೂ ತುಳಿದ ಪುರುಷನೊಬ್ಬ ಕೈಲಾಸದ ಸೀಮೆಯಲ್ಲಿ ಬಾಳಿ ಹೋಗಿದ್ದಾನೆ. ಟಿಬೆಟಿನ ಮನೆಮನೆಯಲ್ಲಿ ಪ್ರಸಿದ್ಧನಾದ ಆ ಮಿಲರೇಪನ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಟಿಬೆಟಿನ ಚಿತ್ರಪಟಗಳಲ್ಲಿ ಮಿಲರೇಪನನ್ನು ಗುರುತಿಸುವುದು ಸುಲಭ. ತೆಳುವಾದ ಬಿಳಿಯ ಹತ್ತಿಯ ಬಟ್ಟೆ, ಹಸಿರು ಛಾಯೆಯ ಮೈ, ಕಿವಿಗೆ ಆನಿಸಿದ ಬಲಗೈ. ನಮ್ಮ ಹಳ್ಳಿಗಳ ಲಾವಣಿಕಾರರು ದನಿಯೇರಿಸುವಾಗ ಕಿವಿಗೆ ಕೈಯಿಡುವುದನ್ನು ಕಂಡವರಿಗೆ, ಇವನೂ ಹಾಡುಗಾರನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1960ರ ದಶಕದ ಆರಂಭದಿಂದ ಬೈಲಕುಪ್ಪೆಯಲ್ಲಿಯೂ ಮುಂದೆ ಮುಂಡಗೋಡಿನಲ್ಲಿಯೂ ನೆಲೆಸಿದ ಟಿಬೆಟಿನ ನಿರಾಶ್ರಿತರ ಮೂಲಕ ಇವನ ಹೆಸರು ಕನ್ನಡ ನೆಲಕ್ಕೂ ಬಂದಿದೆ. ತ್ಸಾಂಗ್‌ನ್ಯೋನ್ ಹೆರುಕನೆಂಬ ಅವಧೂತನು 1488ರಲ್ಲಿ ಬರೆದ ಜೀವನಚರಿತ್ರೆಯೇ ಇವನ ಬಗೆಗಿನ ಬಹುಪಾಲು ಕಥೆಗಳಿಗೆ ಆಧಾರ. ಮುಂದೆ ಹೇಳುವುದರಲ್ಲಿ ಇತಿಹಾಸವೆಷ್ಟು, ಭಕ್ತರ ಭಾವನೆಯೆಷ್ಟು ಎಂದು ತೂಗಿ ನೋಡುವ ಗೋಜಿಗೆ ನಾನು ಹೋಗಿಲ್ಲ. ನಮ್ಮ ಶರಣರ ಪುರಾಣಗಳನ್ನು ಓದುವ ಮನಸ್ಸಿನಿಂದಲೇ ಇದನ್ನೂ ಓದಬೇಕು.

ಮಿಲರೇಪನು ಹುಟ್ಟಿದ್ದು ಟಿಬೆಟಿನ ನೈಋತ್ಯಕ್ಕೆ, ನೇಪಾಳದ ಗಡಿಗೆ ಸಮೀಪದ ಗುಂಗ್‌ತಾಂಗ್ ಸೀಮೆಯಲ್ಲಿ. ಹನ್ನೆರಡು ಪ್ರಾಣಿಗಳ ಹೆಸರಿನ ಸಂವತ್ಸರಚಕ್ರದಲ್ಲಿ ಅದು ನಾಗವರ್ಷ. ಆ ಚಕ್ರವು ಹನ್ನೆರಡು ವರ್ಷಗಳಿಗೊಮ್ಮೆ ತಿರುಗಿ ಬರುವುದರಿಂದ ಕೆಲವರು ಕ್ರಿ.ಶ. 1040 ಎಂದೂ ಕೆಲವರು 1052 ಎಂದೂ ಎಣಿಸುತ್ತಾರೆ. ಹೇಗೆ ಎಣಿಸಿದರೂ ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲದಲ್ಲಿ (1076-1126) ಇವನು ಹಿಮಾಲಯದ ಗುಹೆಗಳಲ್ಲಿದ್ದನು. ತಂದೆ ವ್ಯಾಪಾರದಿಂದ ಸಿರಿವಂತನಾದವನು. ದೂರದಲ್ಲಿದ್ದಾಗ ಮಗ ಹುಟ್ಟಿದ ವಾರ್ತೆ ಕಿವಿಗೆ ಬಿದ್ದು ಹಿಗ್ಗಿ, ಕೇಳಲು ಇಂಪಾದವನು ಎಂಬ ಅರ್ಥದಲ್ಲಿ ಮಗುವಿಗೆ ತೋಪಗ ಎಂದು ಹೆಸರಿಟ್ಟನು. ಮುಂದೆ ಪೇತಾ ಎಂಬ ತಂಗಿಯೂ ಹುಟ್ಟಿದಳು.

ಬಾಲಕನಿಗೆ ಏಳು ವರ್ಷವಾದಾಗ ತಂದೆ ಕಾಲವಾದನು. ಸಾಯುವ ಮುನ್ನ ಹೊಲ, ಮನೆ, ದನಕರು, ಚಿನ್ನ ಎಲ್ಲವನ್ನೂ ಚಿಕ್ಕಪ್ಪ ಮತ್ತು ಸೋದರತ್ತೆಯ ಕೈಗೆ ಒಪ್ಪಿಸಿ, ಮಗನು ಪ್ರಾಯಕ್ಕೆ ಬಂದಾಗ ಹಿಂದಿರುಗಿಸಬೇಕೆಂದು ಪತ್ರ ಮಾಡಿಸಿದ್ದನು. ಮುಂದಿನದನ್ನು ಯಾವ ಕುಟುಂಬದ ಹಿರಿಯರಾದರೂ ಊಹಿಸಬಲ್ಲರು. ಬೇಸಗೆಯಲ್ಲಿ ಚಿಕ್ಕಪ್ಪನ ಹೊಲದಲ್ಲಿ ದುಡಿಮೆ, ಚಳಿಗಾಲದಲ್ಲಿ ಅತ್ತೆಯ ಮನೆಯಲ್ಲಿ ಉಣ್ಣೆ ನೂಲುವ ಕೆಲಸ, ನಾಯಿಗೆ ಹಾಕುವಂಥ ಕೂಳು. ಮಗನಿಗೆ ಹದಿನೈದು ತುಂಬಿದಾಗ ತಾಯಿಯು ತನ್ನ ತವರಿನಿಂದ ಬಂದಿದ್ದ ಸಣ್ಣ ಹೊಲವೊಂದರ ಫಸಲಿನಿಂದ ಔತಣ ಏರ್ಪಡಿಸಿ, ಬಂಧುಗಳೆದುರು ಗಂಡನ ಪತ್ರವನ್ನು ಓದಿಸಿ, ಆಸ್ತಿಯನ್ನು ಕೇಳಿದಳು. ಆ ಆಸ್ತಿ ಮೊದಲಿನಿಂದಲೂ ತಮ್ಮದೇ ಎಂದು ಮೈದುನ, ನಾದಿನಿ ಇಬ್ಬರೂ ವಾದಿಸಿ, ತಾಯಿಮಕ್ಕಳನ್ನು ಹೊಡೆದು ಹೊರಗಟ್ಟಿದರು.

ಆ ದಿನದಿಂದ ಆ ತಾಯಿಯ ಎದೆಯಲ್ಲಿ ಕಿಚ್ಚೊಂದೇ ಉಳಿಯಿತು. ಒಂದು ದಿನ ತೋಪಗನು ಅಕ್ಷರ ಕಲಿಸುವ ಗುರುವಿನೊಡನೆ ಯಾವುದೋ ಔತಣಕ್ಕೆ ಹೋಗಿ, ಬಾರ್ಲಿಯ ಮದ್ಯ ಕುಡಿದು, ಹಾಡುತ್ತ ಮನೆಗೆ ಬಂದನು. ಬಾರ್ಲಿ ಹುರಿಯುತ್ತಿದ್ದ ತಾಯಿ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಬೂದಿ ಹಿಡಿದು ಹೊರಗೆ ಓಡಿಬಂದು, ಮಗನ ಮುಖಕ್ಕೆ ಬೂದಿ ಎರಚಿ ಹೊಡೆದಳು. ಹಾಡುವಷ್ಟು ಸಂತೋಷ ಈ ಮನೆಯಲ್ಲಿ ಎಲ್ಲಿಂದ ಬಂತೆಂಬುದು ಅವಳ ಪ್ರಶ್ನೆ. ಹೊಲದ ಅರ್ಧವನ್ನು ಮಾರಿ ದಾರಿಯ ಖರ್ಚಿಗೂ ಗುರುಕಾಣಿಕೆಗೂ ಹಣ ಹೊಂದಿಸಿ, ಮಾಟ ಮಂತ್ರ ಕಲಿತು ಬರಬೇಕೆಂದೂ, ಬರಿಗೈಯಲ್ಲಿ ಬಂದರೆ ಅವನ ಕಣ್ಣೆದುರಿಗೇ ಪ್ರಾಣ ಬಿಡುವೆನೆಂದೂ ಹೇಳಿ ಕಳುಹಿಸಿದಳು.

ಆ ಕಾಲದ ಟಿಬೆಟಿನಲ್ಲಿ ಇಂಥ ವಿದ್ಯೆಗೆ ಕೊರತೆಯಿರಲಿಲ್ಲ. ಬೌದ್ಧಧರ್ಮವು ಹೋಗುವುದಕ್ಕೆ ಮೊದಲೇ ಅಲ್ಲಿ ಪ್ರತಿ ಬೆಟ್ಟಕ್ಕೂ ಕೆರೆಗೂ ಬಂಡೆಗೂ ಒಂದೊಂದು ಭೂತ, ಒಂದೊಂದು ದೇವತೆ. ಡೋಲು ಬಾರಿಸಿ ಆವೇಶಕ್ಕೊಳಗಾಗಿ ಅವುಗಳೊಡನೆ ಮಾತನಾಡುವವರು, ರೋಗ ಕಳೆಯುವವರು, ಆಲಿಕಲ್ಲಿನ ಮಳೆಯನ್ನು ತಡೆಯುವವರು ಮತ್ತು ಬರಿಸುವವರು ಊರೂರಿನಲ್ಲಿಯೂ ಇದ್ದರು. ನಮ್ಮ ಕರಾವಳಿಯ ಭೂತದ ಪಾತ್ರಿಗಳನ್ನು ನೋಡಿದವರಿಗೆ ಈ ಲೋಕ ತೀರ ಅಪರಿಚಿತವೆನಿಸಲಾರದು. ತೋಪಗನು ಅಂಥ ಮಾಂತ್ರಿಕರಲ್ಲಿ ನಿಷ್ಠೆಯಿಂದ ಸೇವೆ ಮಾಡಿ, ಬೇಗನೆ ವಿದ್ಯೆಯನ್ನು ಸಾಧಿಸಿದನು. ಚಿಕ್ಕಪ್ಪನ ಹಿರಿಯ ಮಗನ ಮದುವೆಯ ದಿನ, ನೆಂಟರಿಷ್ಟರು ತುಂಬಿದ್ದ ಮನೆ ಕುಸಿದು ಬಿದ್ದು 35 ಮಂದಿ ಸತ್ತರು. ಚಿಕ್ಕಪ್ಪನೂ ಅತ್ತೆಯೂ ಬದುಕಿ ಉಳಿದರು. ಸತ್ತವರಲ್ಲಿ ಮದುಮಗನೂ ಮದುಮಗಳೂ ಸೇರಿದ್ದರು. ತಾಯಿಯು ಕೋಲಿಗೆ ಬಟ್ಟೆ ಕಟ್ಟಿ ಬಾವುಟದಂತೆ ಬೀಸುತ್ತ ಊರಿನ ನಡುವೆ ಕುಣಿದಳು. ಊರವರು ಸೇಡಿನ ಮಾತನಾಡಿದಾಗ, ಆಲಿಕಲ್ಲು ಕಳುಹಿಸೆಂದು ಮಗನಿಗೆ ಹೇಳಿಕಳುಹಿಸಿದಳು. ಬಹುಕಾಲದಿಂದ ಕಾಣದಂಥ ಬಾರ್ಲಿಯ ಬೆಳೆ ಕೊಯ್ಲಿಗೆ ಬಂದಿತ್ತು. ಒಂದೇ ಹೊಡೆತಕ್ಕೆ ನೆಲಸಮವಾಯಿತು.

ಪಡೆಯಬೇಕಾದದ್ದನ್ನು ಪಡೆದಾಯಿತು. ಆದರೆ ಆ ಯುವಕನಿಗೆ ಊಟ ರುಚಿಸದಾಯಿತು, ನಿದ್ದೆ ಬಾರದಾಯಿತು. ಈ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದುಂಟು. ವಿದ್ಯೆ ಕಲಿಸಿದ ಮಾಂತ್ರಿಕ ಗುರುವಿಗೂ ಅದೇ ವೇಳೆಗೆ ಪಶ್ಚಾತ್ತಾಪ ಹುಟ್ಟಿತು. ತನ್ನ ಆಪ್ತನೊಬ್ಬನ ಸಾವನ್ನು ಕಂಡು ಕಳವಳಗೊಂಡ ಆತನು, ತಾನು ಮುದುಕ, ನೀನು ಚಿಕ್ಕವನು, ನೀನಾದರೂ ಹೋಗಿ ಮುಕ್ತಿಯ ದಾರಿಯನ್ನು ಹುಡುಕಿ ನನ್ನನ್ನೂ ಉದ್ಧರಿಸು ಎಂದು ಶಿಷ್ಯನನ್ನು ತಾನೇ ಬೀಳ್ಕೊಟ್ಟನು. ಗುರುಗಳು ಹೀಗೆ ಹೇಳುವುದು ಅಪರೂಪ.

ತೋಪಗನು ಹುಡುಕುತ್ತ ಹೋದದ್ದು ದಕ್ಷಿಣ ಟಿಬೆಟಿನ ಲ್ಹೋಡ್ರಾಕ್ ಸೀಮೆಯ ಮಾರ್ಪನನ್ನು. ಮಾರ್ಪನು ಸಂನ್ಯಾಸಿಯಲ್ಲ, ಹೆಂಡತಿ ಮಕ್ಕಳು, ಹೊಲ ಮನೆಗಳಿದ್ದ ಗೃಹಸ್ಥ. ಮೂರು ಬಾರಿ ಭಾರತಕ್ಕೆ ಬಂದು, ಪಂಡಿತ ಪದವಿಯನ್ನು ತೊರೆದು ಸಿದ್ಧನಾಗಿದ್ದ ನಾರೋಪನಲ್ಲಿ ಕಲಿತು, ಗ್ರಂಥಗಳನ್ನು ಹೊತ್ತು ಹೋಗಿ ಅನುವಾದಿಸಿದವನು. ನಾರೋಪನ ಹೆಸರಿರುವ 84 ಸಿದ್ಧರ ಪಟ್ಟಿಯಲ್ಲಿಯೇ ಗೋರಕ್ಷನ ಹೆಸರೂ ಇದೆ. ಮಂಗಳೂರಿನ ಕದ್ರಿಯಲ್ಲಿ ನಾಥಪಂಥದ ಮಠವನ್ನೂ, ಅಲ್ಲಿಯ ದೇಗುಲದಲ್ಲಿ ಕ್ರಿ.ಶ. 968ರ ಲೋಕೇಶ್ವರನ ಕಂಚಿನ ಮೂರ್ತಿಯನ್ನೂ ಕಂಡವರು ಈ ಪರಂಪರೆಯ ಒಂದು ಎಳೆ ನಮ್ಮ ನಾಡಿಗೂ ಬಂದಿತ್ತೆಂಬುದನ್ನು ಬಲ್ಲರು.

ದಾರಿಯ ಪಕ್ಕದಲ್ಲಿ ಉಳುತ್ತಿದ್ದ ಧಡೂತಿ ರೈತನೊಬ್ಬನನ್ನು ತೋಪಗನು ಮಾರ್ಪನ ಮನೆಯ ದಾರಿ ಕೇಳಿದನು. ರೈತನು ಕುಡಿಯಲು ಕೊಟ್ಟು, ಉಳಿದ ಹೊಲವನ್ನು ಉತ್ತು ಮುಗಿಸೆಂದು ನೇಗಿಲನ್ನು ಕೈಗಿತ್ತು ಹೋದನು. ಆ ರೈತನೇ ಮಾರ್ಪ. ಉಪದೇಶ ಕೇಳಿದಾಗ, ಮೊದಲು ಗೋಪುರವೊಂದನ್ನು ಕಟ್ಟಿಕೊಡಬೇಕೆಂದು ಅಪ್ಪಣೆಯಾಯಿತು. ಪೂರ್ವದ ದಿಬ್ಬದ ಮೇಲೆ ದುಂಡನೆಯ ಗೋಪುರ ಅರ್ಧ ಎದ್ದಾಗ ಗುರುವು ಬಂದು ಕೆಡವಿಸಿದನು. ಕಲ್ಲು ಮಣ್ಣುಗಳನ್ನು ತಂದಲ್ಲಿಗೇ ಹೊತ್ತು ಹಾಕಬೇಕು. ಪಶ್ಚಿಮದಲ್ಲಿ ಅರ್ಧಚಂದ್ರಾಕಾರದ್ದು, ಉತ್ತರದಲ್ಲಿ ಮುಕ್ಕೋನದ್ದು. ಅವಕ್ಕೂ ಅದೇ ಗತಿ. ಒಮ್ಮೆ ಸರಿಯಾಗಿ ಯೋಚಿಸಿರಲಿಲ್ಲವೆಂದನು, ಒಮ್ಮೆ ಕುಡಿದ ಅಮಲಿನಲ್ಲಿ ಹೇಳಿದ್ದೆನೆಂದನು, ಒಮ್ಮೆ ತಾನು ಹೇಳಿಯೇ ಇಲ್ಲವೆಂದನು. ಕೊನೆಗೆ ಒಂಬತ್ತು ನೆಲೆಯ ಚೌಕ ಗೋಪುರ. ಸಹಶಿಷ್ಯರು ಸಹಾಯಕ್ಕೆಂದು ಉರುಳಿಸಿ ಕೊಟ್ಟಿದ್ದ ಬಂಡೆಯೊಂದು ಅದರ ಬುಡದಲ್ಲಿತ್ತು. ಮೇಲಿನದನ್ನೆಲ್ಲ ಬಿಚ್ಚಿ ಅದನ್ನು ಹೊರಗೆ ತೆಗೆಯಿಸಿದ ಮೇಲೆಯೇ ಗುರುವಿಗೆ ಸಮಾಧಾನ. ಲ್ಹೋಡ್ರಾಕಿನಲ್ಲಿ ಆ ಗೋಪುರ ಇಂದಿಗೂ ನಿಂತಿದೆ.

ಹೊತ್ತು ಹೊತ್ತು ಶಿಷ್ಯನ ಬೆನ್ನು ಹುಣ್ಣಾಗಿ ಕೀವು ಸುರಿಯತೊಡಗಿತು. ಉಪದೇಶದ ಸಭೆಗೆ ಹೋಗಿ ಕುಳಿತಾಗಲೆಲ್ಲ ಕಾಣಿಕೆಯೆಲ್ಲಿ ಎಂದು ಮಾರ್ಪನು ಒದ್ದು ಹೊರಗೆ ಹಾಕುತ್ತಿದ್ದನು. ಗುರುಪತ್ನಿ ದಗ್ಮೆಮಾ ಮಾತ್ರ ಅವನಿಗೆ ತಾಯಿಯಾದಳು. ಅನ್ನವಿಟ್ಟಳು, ಹುಣ್ಣು ತೊಳೆದಳು, ಗಂಡನೊಡನೆ ಜಗಳವಾಡಿದಳು. ಆ ಬೆನ್ನನ್ನು ಕಂಡು ಮಾರ್ಪನು ತೋರಿಸಿಕೊಟ್ಟ ಮದ್ದೆಂದರೆ, ಕತ್ತೆ ಕುದುರೆಗಳಿಗೆ ಮಾಡುವಂತೆ ಹುಣ್ಣಿನ ಜಾಗದಲ್ಲಿ ತೂತು ಬಿಟ್ಟ ಮೆತ್ತೆ ಕಟ್ಟಿಕೊಂಡು ಮಣ್ಣು ಹೊರುವುದು. ಮರೆಯಲ್ಲಿ ಅವನೂ ಕಣ್ಣೀರು ಹಾಕುತ್ತಿದ್ದನೆಂದು ಚರಿತ್ರೆ ಹೇಳುತ್ತದೆ. ಕಡೆಗೆ ದಗ್ಮೆಮಾ ಗಂಡನ ಹೆಸರಿನಲ್ಲಿ ಸುಳ್ಳು ಪತ್ರ ಬರೆದು, ನಾರೋಪನ ಪವಿತ್ರ ವಸ್ತುಗಳನ್ನು ಕೊಟ್ಟು, ಶಿಷ್ಯನನ್ನು ಇನ್ನೊಬ್ಬ ಗುರುವಿನಲ್ಲಿಗೆ ಕಳುಹಿಸಿದಳು. ಅಲ್ಲಿ ಉಪದೇಶ ದೊರೆಯಿತು, ಸಾಧನೆ ಮಾತ್ರ ಫಲಿಸಲಿಲ್ಲ. ಗುಟ್ಟು ಬಯಲಾದಾಗ ತೋಪಗನು ಪ್ರಾಣತ್ಯಾಗಕ್ಕೆ ಸಿದ್ಧನಾದನು. ಆಗ ಮಾರ್ಪನು ಅವನನ್ನು ಕರೆಸಿ ಎಲ್ಲರೆದುರು ಮರ್ಮವನ್ನು ಬಿಚ್ಚಿಟ್ಟನು. ಒಂಬತ್ತು ಸಲ ಶಿಷ್ಯನನ್ನು ಪೂರ್ಣ ಹತಾಶೆಗೆ ದೂಡಿದ್ದರೆ ಅವನ ಪಾಪವೆಲ್ಲ ತೊಳೆದುಹೋಗುತ್ತಿತ್ತು. ಹೆಂಡತಿಯ ಕರುಣೆಯಿಂದ ಎಂಟಕ್ಕೆ ನಿಂತು, ಸ್ವಲ್ಪ ಶೇಷ ಉಳಿಯಿತು.

ಜಮಾ ಖರ್ಚಿನ ಪುಸ್ತಕದ ಮುಂದೆ ಕುಳಿತು ಆಯುಷ್ಯ ಕಳೆಯುವ ನನ್ನಂಥವನಿಗೆ ಈ ಲೆಕ್ಕ ಒಮ್ಮೊಮ್ಮೆ ಭಯ ಹುಟ್ಟಿಸುತ್ತದೆ. 35 ಪ್ರಾಣಗಳ ಬಾಕಿಯನ್ನು ಮಣ್ಣು ಹೊತ್ತು ತೀರಿಸಬಹುದೇ? ಮದುವೆಗೆಂದು ಬಂದು ಸತ್ತವರಿಗೆ ಈ ಗೋಪುರದಿಂದ ಏನು ಬಂತು? ಚರಿತ್ರೆ ಇದಕ್ಕೆ ನೇರವಾದ ಉತ್ತರ ಕೊಡುವುದಿಲ್ಲ. ಬಾಕಿ ಪೂರ್ತಿ ತೀರಿತೆಂದು ಅದು ಹೇಳದಿರುವುದರಿಂದಲೇ ನನಗೆ ಅದರಲ್ಲಿ ನಂಬಿಕೆ.

ಉಪದೇಶ ಪಡೆದು, ತಲೆಯ ಮೇಲೆ ಹಣತೆಯಿಟ್ಟುಕೊಂಡು ಹನ್ನೊಂದು ತಿಂಗಳು ಗುಹೆಯಲ್ಲಿ ಧ್ಯಾನ ಮಾಡಿ, ಮುಂದೆ ಹಲವು ವರ್ಷ ಗುರುವಿನ ಬಳಿಯಲ್ಲಿದ್ದವನಿಗೆ ಒಂದು ಮುಂಜಾನೆ ಊರಿನ ಕನಸು ಬಿತ್ತು. ಹೋಗಿ ನೋಡಿದರೆ ಮನೆ ಹಾಳುಬಿದ್ದಿತ್ತು. ಇವನ ಮಾಟದ ಭಯದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ತಂದೆಯ ಧರ್ಮಗ್ರಂಥಗಳು ಮಳೆಗೆ ನೆನೆದು ಹಕ್ಕಿಗಳ, ಇಲಿಗಳ ಗೂಡಾಗಿದ್ದವು. ಒಳಗೆ ಹುಲ್ಲು ಬೆಳೆದ ಮಣ್ಣಿನ ದಿಬ್ಬವೊಂದಿತ್ತು. ಕೈಯಾಡಿಸಿದಾಗ ಮೂಳೆಗಳು ಸಿಕ್ಕವು. ಅವು ತಾಯಿಯವೆಂದು ತಿಳಿದು ಅವನು ಮೂರ್ಛೆ ಹೋದನು. ಪೇತಾ ಭಿಕ್ಷೆ ಬೇಡುತ್ತ ಎಲ್ಲಿಗೋ ಹೋಗಿದ್ದಳು. ಇಷ್ಟೆಲ್ಲ ಯಾವ ಹೊಲಮನೆಗಾಗಿ ನಡೆಯಿತೋ ಆ ಹೊಲಮನೆಯನ್ನು ಅವನು ಕೊನೆಗೆ ಅತ್ತೆಗೇ ಬಿಟ್ಟುಕೊಟ್ಟು, ಬಂಡೆಗಳ ನಡುವಿನ ಗುಹೆಯೊಂದನ್ನು ಸೇರಿದನು. ಅದಕ್ಕೆ ಮುಂಚೆ ಭಿಕ್ಷೆಗೆಂದು ಹೋದಾಗ ಅದೇ ಅತ್ತೆ ನಾಯಿಗಳನ್ನು ಛೂ ಬಿಟ್ಟು ಗುಡಾರದ ಗಳುವಿನಿಂದ ಹೊಡೆದಿದ್ದಳು; ಚಿಕ್ಕಪ್ಪನು ಬಾಣ ಬಿಟ್ಟಿದ್ದನು.

ಹಿಟ್ಟು ಮುಗಿದ ಮೇಲೆ ಗುಹೆಯ ಬಳಿ ಬೆಳೆಯುತ್ತಿದ್ದ ತುರಿಕೆಸೊಪ್ಪೇ ಆಹಾರ. ಉಪ್ಪಿಲ್ಲ, ಖಾರವಿಲ್ಲ. ವರ್ಷಗಳು ಕಳೆದಂತೆ ಮೈ ಹಸಿರಾಗಿ, ಮೈಮೇಲಿನ ರೋಮವೂ ಹಸಿರಾಯಿತು. ಬೇಟೆಗಾರರು ಬಂದು ದೆವ್ವವೆಂದು ಓಡಿಹೋದರು. ಒಂದು ರಾತ್ರಿ ಕಳ್ಳನು ಒಳಹೊಕ್ಕು ತಡಕಾಡುತ್ತಿದ್ದಾಗ, ಹಗಲಿನಲ್ಲಿ ನನಗೇ ಏನೂ ಕಾಣದ ಜಾಗದಲ್ಲಿ ರಾತ್ರಿ ನಿನಗೇನು ಸಿಕ್ಕೀತೆಂದು ಇವನು ನಕ್ಕನು. ಕಳ್ಳನೂ ನಕ್ಕು ಹೊರಟನು. ಸೊಪ್ಪು ಬೇಯಿಸುವ ಮಡಕೆ ಜಾರಿ ಒಡೆದು, ಅದರ ಒಳಮೈಗೆ ಅಂಟಿ ಗಟ್ಟಿಯಾಗಿದ್ದ ಸೊಪ್ಪಿನ ಪೊರೆ ಇನ್ನೊಂದು ಮಡಕೆಯಂತೆ ಉಳಿದಾಗ, ಅದರ ಮೇಲೂ ಹಾಡು ಕಟ್ಟಿದನು. ತಾಯಿಯ ಕೋಲಿನ ಹೊಡೆತಕ್ಕೆ ನಿಂತಿದ್ದ ಹಾಡು ಇಲ್ಲಿ ಮತ್ತೆ ಶುರುವಾಯಿತೆಂದು ನನಗೆ ತೋರುತ್ತದೆ.

ಹಿಮದ ಚಳಿಯಲ್ಲಿ ಒಂದೇ ಹತ್ತಿಯ ಬಟ್ಟೆಯಲ್ಲಿ ಬದುಕಿದ್ದು ತುಮ್ಮೋ ಎಂಬ ಯೋಗದಿಂದ. ನಾಭಿಯ ಅಗ್ನಿಯನ್ನು ಉಸಿರಿನಿಂದ ಎಚ್ಚರಿಸುವ ಈ ಸಾಧನೆ ನಮ್ಮ ಹಠಯೋಗಿಗಳ ಕುಂಡಲಿನಿಗೆ ಸಮೀಪದ್ದು. ರೇಪ ಎಂದರೆ ಹತ್ತಿಯ ಬಟ್ಟೆಯವನು. ಮಿಲ ಎಂಬುದು ಮನೆತನದ ಹೆಸರು. ಅಣ್ಣನ ಬತ್ತಲೆ ಮೈಯನ್ನು ನೋಡಲಾರದೆ ತಂಗಿ ಪೇತಾ ಭಿಕ್ಷೆ ಬೇಡಿ ಬಟ್ಟೆ ತಂದುಕೊಟ್ಟು, ಮಾನ ಮುಚ್ಚಿಕೊಳ್ಳೆಂದಳು. ಅವನು ಅದನ್ನು ಕತ್ತರಿಸಿ ಒಂದೊಂದು ಬೆರಳಿಗೂ ಒಂದೊಂದು ಕುಲಾವಿ ಹೊಲಿದುಕೊಂಡನು. ನಾಚಿಕೆಪಡುವುದಾದರೆ ಎಲ್ಲ ಅವಯವಗಳಿಗೂ ಪಡಬೇಕು, ಪಾಪ ಮಾಡಲು ಮಾತ್ರ ಯಾರೂ ನಾಚುವುದಿಲ್ಲವಲ್ಲ ಎಂಬುದು ಅವನ ವಾದ. ಛತ್ರಿ ಹಿಡಿಸಿಕೊಂಡು ಪೀಠದಲ್ಲಿ ಕುಳಿತಿದ್ದ ಸಿರಿವಂತ ಲಾಮಾ ಒಬ್ಬನನ್ನು ಕಂಡುಬಂದಿದ್ದ ಪೇತಾ, ಧರ್ಮವೆಂದರೆ ಅದಲ್ಲವೇ ಎಂದು ಅತ್ತಳು. ಪಾಪ, ಅವಳದೂ ತಪ್ಪೆನ್ನಲಾಗದು. ಅಣ್ಣನಿಂದ ಅವಳು ಪಟ್ಟದ್ದು ಕಡಿಮೆಯೇ?

ಮಾಂತ್ರಿಕನಾಗಿದ್ದವನಿಗೆ ಭೂತಗಳ ಕಾಟ ಬಾರದಿರುತ್ತದೆಯೇ? ಸೌದೆ ತರಲು ಹೋಗಿ ಬಂದಾಗ ಗುಹೆಯಲ್ಲಿ ಐದು ಭೂತಗಳು ಕಣ್ಣರಳಿಸಿ ಕುಳಿತಿದ್ದವು. ಹೊಗಳಿ ನೋಡಿದನು, ಉಗ್ರಮಂತ್ರ ಹೇಳಿ ನೋಡಿದನು, ಕದಲಲಿಲ್ಲ. ಹಿಂದೆ ಮನೆಯನ್ನೇ ಉರುಳಿಸಿದ ಮಂತ್ರಬಲ ಇಲ್ಲಿ ನಡೆಯಲಿಲ್ಲ. ಆಗ, ಎಲ್ಲವೂ ಮನಸ್ಸಿನ ಆಟವೆಂದು ಗುರುವಿನಲ್ಲಿ ತಿಳಿದ ಮೇಲೂ ಇವನ್ನು ಹೊರಗಿನ ಶತ್ರುಗಳೆಂದು ಓಡಿಸಹೊರಟೆನಲ್ಲ ಎಂದು ಹೊಳೆದು, ನಿರ್ಭಯನಾಗಿ ಅವುಗಳತ್ತ ನುಗ್ಗಿದನು. ಅವು ಮಾಯವಾದವು. ಡೋಲಿನವರ ವಿದ್ಯೆಯನ್ನು ಅವನು ಬಿಸಾಡಲಿಲ್ಲ. ಅದರ ಮೊನೆಯನ್ನು ಒಳಕ್ಕೆ ತಿರುಗಿಸಿಕೊಂಡನು.

ಕೈಲಾಸದ ಪ್ರಸಂಗ ನಮ್ಮ ಓದುಗರಿಗೆ ವಿಶೇಷವಾಗಿ ಪ್ರಿಯವಾದೀತು. ಟಿಬೆಟಿನವರು ಟೀಸೆ ಎನ್ನುವ ಆ ಗಿರಿ ಅಲ್ಲಿಯ ಪ್ರಾಚೀನ ಬೊನ್ ಮತದವರಿಗೂ ಪವಿತ್ರ. ನಾರೋ ಬೊಂಚುಂಗ್ ಎಂಬ ಬೊನ್ ಮಾಂತ್ರಿಕನು ಗಿರಿಯ ಒಡೆತನಕ್ಕಾಗಿ ಮಿಲರೇಪನಿಗೆ ಸವಾಲೆಸೆದನು. ಹಲವು ಪವಾಡಗಳ ಪಂದ್ಯಗಳಾದ ಮೇಲೆ, ಹುಣ್ಣಿಮೆಯ ದಿನ ಮೊದಲು ಶಿಖರ ಮುಟ್ಟಿದವನೇ ಗೆದ್ದವನೆಂದು ತೀರ್ಮಾನವಾಯಿತು. ನಸುಕಿನಲ್ಲಿಯೇ ಬೊಂಚುಂಗನು ತನ್ನ ಡೋಲಿನ ಮೇಲೆ ಕುಳಿತು ಆಕಾಶಕ್ಕೇರಿದನು. ಮಿಲರೇಪನು ಮಲಗಿಯೇ ಇದ್ದನು, ಶಿಷ್ಯರು ಗಾಬರಿಗೊಂಡರು. ಸೂರ್ಯನ ಮೊದಲ ಕಿರಣ ಮೂಡಿದ ಕ್ಷಣದಲ್ಲಿ ಅವನು ಶಿಖರದ ಮೇಲಿದ್ದನು. ಬೆರಗಾದ ಬೊಂಚುಂಗನು ಕೆಳಕ್ಕುರುಳಿದನು. ಡೋಲು ದಕ್ಷಿಣದ ಮುಖದ ಮೇಲೆ ಉರುಳುತ್ತ ಹೋಯಿತು. ಕೈಲಾಸದ ಆ ಮುಖದಲ್ಲಿರುವ ಗೀರು ಅದರದೇ ಎಂದು ಯಾತ್ರಿಕರಿಗೆ ಹೇಳುತ್ತಾರೆ. ಗೋರಕ್ಷನ ವಜ್ರಕಾಯಕ್ಕೆ ತಗುಲಿದ ಕತ್ತಿ ಖಣಿಲೆಂದಿತು, ಅಲ್ಲಮಪ್ರಭುವಿನ ಮೈಯಲ್ಲಿ ಅದೇ ಕತ್ತಿ ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು ಎಂಬ ನಮ್ಮ ಕಥೆ ಇಲ್ಲಿ ನೆನಪಾಗದಿರದು. ಆದರೆ ನನಗೆ ಪಂದ್ಯಕ್ಕಿಂತ ಮುಂದಿನದು ಹೆಚ್ಚೆನಿಸುತ್ತದೆ. ಸೋತವನು ಕೈಲಾಸ ಕಾಣುವಂಥ ಒಂದಿಷ್ಟು ಜಾಗವನ್ನು ಬೇಡಿದಾಗ, ಮಿಲರೇಪನು ಒಂದು ಹಿಡಿ ಹಿಮವನ್ನೆಸೆದು ಹತ್ತಿರದ ಬೆಟ್ಟವೊಂದನ್ನು ಅವನಿಗೆ ಕೊಟ್ಟನು. ಎಲ್ಲವನ್ನೂ ಕಿತ್ತುಕೊಂಡ ಬಂಧುಗಳ ಮನೆಯಲ್ಲಿ ಬೆಳೆದವನು ಹೀಗೆ ಮಾಡಿದನು.

ಲಪ್ಚಿಯ ಗುಹೆಯಲ್ಲಿ ಆರು ತಿಂಗಳು ಹಿಮದಲ್ಲಿ ಸಿಕ್ಕಿಕೊಂಡು, ಭಕ್ತರು ಉತ್ತರಕ್ರಿಯೆಯನ್ನೂ ಮುಗಿಸಿದ ಮೇಲೆ ಜೀವಂತವಾಗಿ ಸಿಕ್ಕಿದ್ದು, ಜಿಂಕೆಯನ್ನೂ ಅದರ ಬೆನ್ನಟ್ಟಿ ಬಂದ ನಾಯಿಯನ್ನೂ ಬೇಟೆಗಾರನನ್ನೂ ಹಾಡಿನಿಂದ ಪಳಗಿಸಿದ್ದು, ಇಂಥ ಕಥೆಗಳು ಬಹಳ. ಶಿಷ್ಯರಲ್ಲಿ ಇಬ್ಬರು ಮುಖ್ಯರು. ರೇಚುಂಗ್‌ಪನು ಭಾರತಕ್ಕೆ ಹೋಗಿ ಕಲಿತು ಸ್ವಲ್ಪ ಗರ್ವದಿಂದ ಮರಳಿದಾಗ, ಅವನು ತಂದ ಕೆಲವು ಗ್ರಂಥಗಳನ್ನು ಗುರುವು ಸುಟ್ಟುಹಾಕಿದನು. ಅವುಗಳಲ್ಲಿ ಕ್ಷುದ್ರವಿದ್ಯೆಯವೂ ಇದ್ದವೆಂದ ಮೇಲೆ ಕಾರಣ ಕೇಳಬೇಕಾಗಿಲ್ಲ. ಇನ್ನೊಬ್ಬನು ಗಂಪೋಪ (1079-1153). ವೈದ್ಯನಾಗಿದ್ದು, ಹೆಂಡತಿ ಮಕ್ಕಳನ್ನು ಕಳೆದುಕೊಂಡು ಭಿಕ್ಷುವಾದವನು. ಇವನಿಂದಲೇ ಕಾಗ್ಯು ಪಂಥವು ಮಠಗಳಾಗಿ ನೆಲೆನಿಂತಿತು. ಬೀಳ್ಕೊಡುವಾಗ ಕೊನೆಯ ಗುಪ್ತೋಪದೇಶವೊಂದು ಉಳಿದಿದೆಯೆಂದು ಹೊಳೆಯಾಚೆಯಿಂದ ಹಿಂದಕ್ಕೆ ಕರೆದು, ಮಿಲರೇಪನು ಬಟ್ಟೆಯನ್ನೆತ್ತಿ ತನ್ನ ಪೃಷ್ಠವನ್ನು ತೋರಿಸಿದನು. ಕಲ್ಲಿನ ಮೇಲೆ ಕುಳಿತು ಕುಳಿತು ಅದು ಜಡ್ಡುಗಟ್ಟಿ ಹೋಗಿತ್ತು.

ಅತ್ತೆಯೂ ಒಂದು ದಿನ ಪೇತಾಳೊಡನೆ ಬಂದಳು, ಕಾಣಿಕೆ ಹೊತ್ತು, ಕಣ್ಣೀರಿಡುತ್ತ. ಮೊದಲು ಅವನು ಮುಖ ಕೊಡಲಿಲ್ಲ. ಅಷ್ಟು ಮನುಷ್ಯತ್ವ ಅವನಲ್ಲಿ ಉಳಿದಿತ್ತು. ಆಮೇಲೆ ಕರೆದು ಕುಳ್ಳಿರಿಸಿ ಉಪದೇಶ ಕೊಟ್ಟನು. ಅವಳು ಸಾಧನೆ ಮಾಡಿ ಉದ್ಧಾರವಾದಳು.

ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಅಂತ್ಯ ಬಂತು. ಡ್ರಿನ್ ಎಂಬ ಊರಿನಲ್ಲಿ, ಜನರು ಈ ನಿರಕ್ಷರಪ್ರಾಯನಿಗೆ ತನಗಿಂತ ಹೆಚ್ಚು ಮರ್ಯಾದೆ ಕೊಡುವುದನ್ನು ಸಹಿಸದ ಪಂಡಿತನೊಬ್ಬನು, ತನ್ನ ಉಪಪತ್ನಿಗೆ ವೈಡೂರ್ಯದ ಆಸೆ ತೋರಿಸಿ ವಿಷ ಬೆರೆಸಿದ ಮೊಸರನ್ನು ಕಳುಹಿಸಿದನು. ಮಿಲರೇಪನು ಅದನ್ನು ಅರಿತು, ಈಗ ಬೇಡ, ಆಮೇಲೆ ತಾ ಎಂದು ಹಿಂದಕ್ಕೆ ಕಳುಹಿಸಿದನು. ಅವಳು ಮತ್ತೆ ಬಂದಾಗ, ಹೇಳಿದ ವೈಡೂರ್ಯ ಕೈಗೆ ಸಿಕ್ಕಿತೇ ಎಂದು ಕೇಳಿದನು. ಅವಳು ಕಾಲಿಗೆ ಬಿದ್ದು ಅತ್ತು, ಆ ವಿಷವನ್ನು ತಾನೇ ಕುಡಿಯುವೆನೆಂದಳು; ಅವನು ಒಪ್ಪದೆ ತಾನೇ ಕುಡಿದನು. ರೋಗಿಯನ್ನು ನೋಡುವ ನೆವದಿಂದ ಬಂದ ಪಂಡಿತನು ಈ ನೋವು ನಿಜವಾದದ್ದೇ ಎಂದು ಅಣಕಿಸಿದಾಗ, ಮಿಲರೇಪನು ತನ್ನ ನೋವನ್ನು ಎದುರಿನ ಬಾಗಿಲಿಗೆ ವರ್ಗಾಯಿಸಿದನು. ಬಾಗಿಲು ಬಿರಿಯಿತು. ಪಂಡಿತನು ನಡುಗಿ ಕ್ಷಮೆ ಬೇಡಿದನು. ಅವನನ್ನು ಕ್ಷಮಿಸಿದ್ದಲ್ಲದೆ, ಈ ವಿಷಯ ಎಲ್ಲಿಯೂ ಹೊರಬೀಳಕೂಡದೆಂದು ಮಿಲರೇಪನು ಕಟ್ಟು ಮಾಡಿದನು. 35 ಜನರನ್ನು ಕೊಂದವನಿಗೆ ಕೊಲ್ಲಲು ಬಂದವನ ಮನಸ್ಸು ಬೇರೆಯವರಿಗಿಂತ ಚೆನ್ನಾಗಿ ತಿಳಿದಿದ್ದಿರಬೇಕು.

ಚುಬರ್ ಎಂಬಲ್ಲಿ ದೇಹ ಬಿಡುವ ಮುನ್ನ, ಜೀವಮಾನದಲ್ಲಿ ಕೂಡಿಟ್ಟ ಚಿನ್ನವೆಲ್ಲ ಒಲೆಯ ಕೆಳಗಿದೆ, ತೆಗೆದುಕೊಳ್ಳಿರೆಂದು ಶಿಷ್ಯರಿಗೆ ಹೇಳಿದ್ದನು. ಸಂಸ್ಕಾರವೆಲ್ಲ ಮುಗಿದ ಮೇಲೆ ಅವರು ಅಗೆದು ನೋಡಿದರು. ಸಿಕ್ಕಿದ್ದು ಒಂದು ಹತ್ತಿಯ ಬಟ್ಟೆ, ಒಂದು ಸಣ್ಣ ಚಾಕು, ಒಂದು ಬೆಲ್ಲದ ಉಂಡೆ ಮತ್ತು ಒಂದು ಚೀಟಿ. ಈ ಚಾಕುವಿನಿಂದ ಬಟ್ಟೆಯನ್ನೂ ಬೆಲ್ಲವನ್ನೂ ಕತ್ತರಿಸಿ ಎಲ್ಲರಿಗೂ ಹಂಚಿರಿ, ಎಷ್ಟು ಹಂಚಿದರೂ ಮುಗಿಯುವುದಿಲ್ಲವೆಂದು ಅದರಲ್ಲಿ ಬರೆದಿತ್ತು. ಮಿಲರೇಪನ ಹತ್ತಿರ ಚಿನ್ನವಿತ್ತೆಂದು ಯಾರಾದರೂ ಹೇಳಿದರೆ ಅವರ ಬಾಯಿಗೆ ಹೊಲಸು ತುರುಕಬೇಕೆಂದೂ ಕೊನೆಯಲ್ಲಿ ಸೇರಿಸಿತ್ತು. ಅಲ್ಲಿಯವರೆಗೆ ಅಳುತ್ತಿದ್ದ ಶಿಷ್ಯರು ಅದನ್ನು ಓದಿ ಗೊಳ್ಳೆಂದು ನಕ್ಕರು. ಆಮೇಲೆ ಬೆಲ್ಲವನ್ನು ಕತ್ತರಿಸಿ, ನೆರೆದವರಿಗೆಲ್ಲ ಕೊಟ್ಟು, ತಾವೂ ತಿಂದರು.